ಚಂದ್ರನಲ್ಲಿ ಹೆಸರುಳಿಸಿದ ಯಾತ್ರಿಕ ಇಬ್ನ್ ಬತೂತ



ಹೊಸ ಚಂದ್ರ ಕಾಣಿಸಿ ಮೂರು ನಾಲ್ಕು ದಿನಗಳಾದ ಮೇಲೆ, ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುವಾಗ ಪಶ್ಚಿಮದ ಆಕಾಶವನ್ನೊಮ್ಮೆ ನೋಡಿರಿ. ಚಂದ್ರನ ಬೆಳಗಿದ ಭಾಗದಲ್ಲಿ ಎರಡು ಕಪ್ಪು ಕಲೆಗಳು ಕಾಣುತ್ತವೆ. ಒಂದು ದುಂಡಗಿದೆ, ಚಿಕ್ಕದು. ಅದರ ದಕ್ಷಿಣಕ್ಕಿರುವ ಇನ್ನೊಂದು ದೊಡ್ಡದು, ಆಕಾರ ಅಷ್ಟು ಸ್ಪಷ್ಟವಲ್ಲ. ಈ ಎರಡನೆಯದನ್ನು ಖಗೋಳ ವಿಜ್ಞಾನಿಗಳು ಮೇರ್ ಫಿಕಂಡಿಟಾಟಿಸ್, ಅಂದರೆ ಫಲವತ್ತತೆಯ ಸಮುದ್ರ ಎಂದು ಕರೆಯುತ್ತಾರೆ. ಹೆಸರಿಗೆ ಸಮುದ್ರವಾದರೂ ಅಲ್ಲಿ ಹನಿ ನೀರಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಉಕ್ಕಿ ಹರಿದು ಗಟ್ಟಿಯಾದ ಲಾವಾರಸದ ಬಯಲು ಅದು. ಆ ಬಯಲಿನಲ್ಲಿರುವ ಒಂದು ಪುಟ್ಟ ಕುಳಿಗೆ ಇಬ್ನ್ ಬತೂತ ಎಂದು ಹೆಸರು. ಸುಮಾರು ಏಳು ಶತಮಾನಗಳ ಹಿಂದೆ ನಮ್ಮ ಮಂಗಳೂರಿಗೆ ಬಂದು ಮೂರು ದಿನ ತಂಗಿದ್ದ ಆ ಮಹಾ ಯಾತ್ರಿಕನ ಹೆಸರೇ ಅದು.

ಆ ಕುಳಿ ಮತ್ತು ಅದರ ನೆರೆಹೊರೆ

ಉಲ್ಕಾಶಿಲೆಗಳು ಬಂದು ಬಡಿದಾಗ ಉಂಟಾದ ಇಂತಹ ಕುಳಿಗಳು ಚಂದ್ರನಲ್ಲಿ ಲಕ್ಷಗಟ್ಟಲೆ ಇವೆ. ಇಬ್ನ್ ಬತೂತ ಕುಳಿ ಅವುಗಳಲ್ಲಿ ಚಿಕ್ಕದು. ಅದರ ಅಡ್ಡಗಲ ಸುಮಾರು 11 ಕಿಲೋಮೀಟರ್. ಪಾಣೆಮಂಗಳೂರಿನಿಂದ ಮಂಗಳೂರಿಗೆ ಹೋಗುವ ದಾರಿಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಎಂದು ತಿಳಿಯಿರಿ. ಅಂಚು ದುಂಡಗಿದೆ, ತಳ ಅಗಲವಾಗಿದೆ, ಸುತ್ತಲಿನ ಬಯಲಿನ ಬಣ್ಣವೇ ಅದರ ಒಳಗೂ ಇದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ, ದೂರದರ್ಶಕ ಬೇಕು. ಮೊದಲು ಇದಕ್ಕೆ ಸ್ವಂತ ಹೆಸರಿರಲಿಲ್ಲ. ಪಕ್ಕದ ದೊಡ್ಡ ಕುಳಿಯ ಹೆಸರಿಗೆ ಒಂದು ಅಕ್ಷರ ಸೇರಿಸಿ ಗೊಕ್ಲೇನಿಯಸ್ ಎ ಎಂದು ಕರೆಯುತ್ತಿದ್ದರು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 1976ರಲ್ಲಿ ಇದಕ್ಕೆ ಇಬ್ನ್ ಬತೂತರ ಹೆಸರಿಟ್ಟಿತು.

ನೈಋತ್ಯಕ್ಕಿರುವ ಗೊಕ್ಲೇನಿಯಸ್ ಸವೆದು ಹೋದ ಹಳೆಯ ಕುಳಿ. ಅದರ ಉದ್ದ 72 ಕಿಲೋಮೀಟರ್, ಅಗಲ 54 ಕಿಲೋಮೀಟರ್. ಮೊಟ್ಟೆಯಾಕಾರದ ಅದರ ಅಂಚು ಮಳೆಗೆ ಕರಗಿದ ಗದ್ದೆಯ ಹುಣಿಯಂತೆ ಅಲ್ಲಲ್ಲಿ ಕುಸಿದು ವಕ್ರವಾಗಿದೆ. ತಳವನ್ನು ಲಾವಾ ತುಂಬಿದೆ. ಆ ತಳದ ಮೇಲೆ ಉದ್ದನೆಯ ಬಿರುಕುಗಳು ಹಾಯ್ದು, ಅಂಚನ್ನೂ ಸೀಳಿ ಹೊರಗಿನ ಬಯಲಿನವರೆಗೆ ಸಾಗಿವೆ. 1968ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತಿದ ಅಪೋಲೋ 8ರ ಯಾತ್ರಿಕರು ಇದರ ಚಿತ್ರ ತೆಗೆದಿದ್ದಾರೆ.

ಗಾಳಿ ಮಳೆಯಿಲ್ಲದ ಚಂದ್ರನಲ್ಲಿ ಕುಳಿಗಳು ಹೇಗೆ ಸವೆಯುತ್ತವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮರಳಿನ ಕಣದಷ್ಟು ಚಿಕ್ಕವು, ಬೆಟ್ಟದಷ್ಟು ದೊಡ್ಡವು, ಹೀಗೆ ನಾನಾ ಗಾತ್ರದ ಉಲ್ಕೆಗಳು ಬಿಡದೆ ಬಡಿದು ಅಂಚುಗಳನ್ನು ಪುಡಿ ಮಾಡುತ್ತವೆ. ಹಗಲಿನ ಉರಿ, ರಾತ್ರಿಯ ಕೊರೆತ ಕಲ್ಲನ್ನು ಬಿರಿಯುತ್ತವೆ. ಹಿಂದೆ ಉಕ್ಕಿದ ಲಾವಾ ಎಷ್ಟೋ ಕುಳಿಗಳನ್ನು ಮುಳುಗಿಸಿಬಿಟ್ಟಿದೆ. ಇಬ್ನ್ ಬತೂತ ಕುಳಿಯ ಸುತ್ತಮುತ್ತ ಹಾಗೆ ಮುಳುಗಿದ ಕುಳಿಗಳ ಗುರುತುಗಳಿವೆ. ಇವುಗಳನ್ನು ಭೂತ ಕುಳಿಗಳು ಎನ್ನುತ್ತಾರೆ. 1974ರ ನೇತ್ರಾವತಿಯ ನೆರೆಯನ್ನು ಕಂಡ ಹಿರಿಯರಿಗೆ ಇದು ಬೇಗ ಅರ್ಥವಾದೀತು. ಗದ್ದೆಗಳೆಲ್ಲ ಮುಳುಗಿದಾಗ ಹುಣಿಯ ತುದಿ ಮಾತ್ರ ಕಂಡು, ಇಲ್ಲೊಂದು ಗದ್ದೆಯಿತ್ತು ಎಂದು ತಿಳಿಯುವುದಲ್ಲವೇ? ಹಾಗೆಯೇ ಇದು. ಇದೇ ಬಯಲಿನ ಉತ್ತರ ಭಾಗದಿಂದ 1970ರಲ್ಲಿ ಸೋವಿಯತ್ ರಷ್ಯಾದ ಲೂನಾ 16 ನೌಕೆ 101 ಗ್ರಾಂ ಮಣ್ಣನ್ನು ಭೂಮಿಗೆ ತಂದಿತು. ಅದರಲ್ಲಿದ್ದ ಕಲ್ಲಿನ ವಯಸ್ಸು ಸುಮಾರು 340 ಕೋಟಿ ವರ್ಷ.

ನೆರೆಹೊರೆಯ ಹೆಸರುಗಳನ್ನೂ ಗಮನಿಸಿರಿ. ಈಶಾನ್ಯಕ್ಕೆ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ವಿಮಾನದಲ್ಲಿ ದಾಟಿದ ಲಿಂಡ್‌ಬರ್ಗ್. ಗೊಕ್ಲೇನಿಯಸ್‌ನ ದಕ್ಷಿಣಕ್ಕೆ ಮೆಗಲನ್, ಅದರಾಚೆ ಕೊಲಂಬಸ್. ಪಶ್ಚಿಮಕ್ಕೆ ಮುದ್ರಣ ಯಂತ್ರದ ಗುಟೆನ್‌ಬರ್ಗ್. ಈ ಯಾತ್ರಿಕರ ಕೇರಿಯಲ್ಲಿ ಇಬ್ನ್ ಬತೂತರ ಕುಳಿ ಗಾತ್ರದಲ್ಲಿ ಎಲ್ಲರಿಗಿಂತ ಚಿಕ್ಕದು. ಆದರೆ ಅವರು ಮೆಗಲನ್, ಕೊಲಂಬಸ್ ಇಬ್ಬರಿಗಿಂತಲೂ ಸುಮಾರು ಒಂದೂವರೆ ಶತಮಾನ ಮೊದಲಿನವರು.

ಟಾಂಜೀರ್‌ನಿಂದ ದೆಹಲಿಗೆ

ಇಬ್ನ್ ಬತೂತರು 1304ರಲ್ಲಿ ಮೊರಾಕ್ಕೋದ ಟಾಂಜೀರ್ ನಗರದಲ್ಲಿ ಜನಿಸಿದರು. ಅವರದು ಖಾಝಿಗಳ ಮನೆತನ. 1325ರಲ್ಲಿ, 21ನೆಯ ವಯಸ್ಸಿನಲ್ಲಿ, ತಂದೆ ತಾಯಿಯನ್ನು ಬಿಟ್ಟು ಒಬ್ಬರೇ ಹಜ್ಜಿಗೆ ಹೊರಟರು. ಹಜ್ ಮುಗಿಸಿ ಮರಳುವುದು ವಾಡಿಕೆ. ಇವರು ಮರಳಲಿಲ್ಲ. ಇರಾಕ್, ಪರ್ಶಿಯಾ, ಯಮನ್, ಆಫ್ರಿಕಾದ ಪೂರ್ವ ಕರಾವಳಿ, ತುರ್ಕಿ ನಾಡು, ಮಧ್ಯ ಏಷ್ಯಾ ಎಲ್ಲವನ್ನೂ ಸುತ್ತಿ 1333ರಲ್ಲಿ ಸಿಂಧೂ ನದಿಯ ದಡ ತಲುಪಿದರು. ದೆಹಲಿಯಲ್ಲಿ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಖಾಝಿಯಾಗಿ ನೇಮಿಸಿದನು. ಇಲ್ಮ್ ಇದ್ದವನಿಗೆ ಯಾವ ನಾಡಿನಲ್ಲೂ ಬಾಗಿಲು ತೆರೆಯುತ್ತಿದ್ದ ಕಾಲ ಅದು. ಅರಬಿ ಭಾಷೆ ಮತ್ತು ಶರೀಅತ್ತಿನ ಜ್ಞಾನವೇ ಅವರ ಬುತ್ತಿ.

ನಮ್ಮ ಕರಾವಳಿಯಲ್ಲಿ

ಕೆಲವು ವರ್ಷಗಳ ನಂತರ ಸುಲ್ತಾನನು ಅವರನ್ನು ಚೀನಾ ದೇಶಕ್ಕೆ ರಾಯಭಾರಿಯಾಗಿ ಕಳುಹಿಸಿದನು. ಹಾಗೆ ಹೊರಟವರು 1342ರ ಸುಮಾರಿಗೆ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದರು. ಮೊದಲು ಹೊನ್ನಾವರ. ಅಲ್ಲಿ ಆಗ ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್ ಆಳುತ್ತಿದ್ದರು. ಜನರು ಶಾಫಿಈ ಮದ್‌ಹಬಿನವರು, ಧರ್ಮನಿಷ್ಠರು, ಕಡಲ ವಿದ್ಯೆಯಲ್ಲಿ ಪಳಗಿದವರು ಎಂದು ಇಬ್ನ್ ಬತೂತರು ದಾಖಲಿಸಿದ್ದಾರೆ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ಒಂದೇ ಪಟ್ಟಣದಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13 ಶಾಲೆಗಳು ಇದ್ದವೆಂದು ಅವರು ಲೆಕ್ಕ ಕೊಟ್ಟಿದ್ದಾರೆ. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತು. ಕೈರೋ, ದಮಾಸ್ಕಸ್, ಬಗ್ದಾದ್‌ಗಳನ್ನು ಕಂಡು ಬಂದಿದ್ದ ವ್ಯಕ್ತಿ, ಇಂತಹದನ್ನು ಬೇರೆಲ್ಲೂ ನೋಡಿಲ್ಲ ಎಂಬ ಅರ್ಥದಲ್ಲಿ ಅಚ್ಚರಿಪಟ್ಟಿದ್ದಾರೆ. ಹೊಲಿಯದ ಒಂದೇ ಬಟ್ಟೆಯನ್ನು ಉಟ್ಟು ಅದರ ಸೆರಗನ್ನು ತಲೆಗೂ ಎದೆಗೂ ಹೊದೆಯುತ್ತಿದ್ದರೆಂದು ಬರೆದಿರುವುದನ್ನು ನೋಡಿದರೆ, ಅವರು ಕಂಡದ್ದು ನಮ್ಮ ಸೀರೆಯನ್ನೇ ಎಂದು ತಿಳಿಯುತ್ತದೆ. ಅಂದರೆ ಅವರು ಹೇಳುತ್ತಿರುವುದು ಪರದೇಶದಿಂದ ಬಂದ ನಾಲ್ಕಾರು ಮನೆಗಳ ವಿಷಯವಲ್ಲ, ಈ ಮಣ್ಣಿನಲ್ಲಿ ಬೇರೂರಿದ್ದ ಒಂದು ಸಮಾಜದ ವಿಷಯ.

ಹೊನ್ನಾವರದಿಂದ ದಕ್ಷಿಣಕ್ಕೆ ಸಾಗಿ ಅವರು ಬಾರ್ಕೂರನ್ನು ಕಂಡರು. ಅಲ್ಲಿನ ಹಿಂದೂ ಅರಸನ ಯುದ್ಧನೌಕೆಗಳಿಗೆ ಒಬ್ಬ ಮುಸ್ಲಿಮನೇ ನಾಯಕನಾಗಿದ್ದನು. ಆಮೇಲೆ ಮಂಗಳೂರು. ಇಡೀ ಮಲಬಾರ್ ಕರಾವಳಿಯಲ್ಲೇ ಅತಿ ದೊಡ್ಡ ಅಳಿವೆ ಇಲ್ಲಿನದು ಎಂದು ಅವರು ಹೇಳಿದ್ದಾರೆ. ನಮ್ಮ ಪಾಣೆಮಂಗಳೂರಿನ ಪಕ್ಕದಲ್ಲಿ ಹರಿದು ಹೋಗುವ ನೇತ್ರಾವತಿ ಕಡಲು ಸೇರುವ ಅಳಿವೆಯೇ ಅದು. ಪರ್ಶಿಯಾ ಮತ್ತು ಯಮನ್ ದೇಶಗಳ ವ್ಯಾಪಾರಿಗಳು ಹೆಚ್ಚಾಗಿ ಇಲ್ಲಿಯೇ ಇಳಿಯುತ್ತಿದ್ದರು. ಕರಿಮೆಣಸು, ಶುಂಠಿ ಇಲ್ಲಿ ಹೇರಳವಾಗಿತ್ತು. ಸುಮಾರು 4000 ಮುಸ್ಲಿಮರು ಪಟ್ಟಣದ ಬದಿಯಲ್ಲಿ ನೆಲೆಸಿದ್ದರು. ಬದ್ರುದ್ದೀನ್ ಎಂಬ ವಿದ್ವಾಂಸರು ಖಾಝಿಯಾಗಿದ್ದು, ಪಾಠವನ್ನೂ ಹೇಳುತ್ತಿದ್ದರು.

ಇಲ್ಲಿ ನಡೆದ ಒಂದು ಸಂಗತಿ ಸ್ವಾರಸ್ಯಕರವಾಗಿದೆ. ಖಾಝಿಯವರು ಹಡಗಿಗೇ ಬಂದು ದಡಕ್ಕಿಳಿಯಲು ಆಹ್ವಾನಿಸಿದರು. ಅರಸನು ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸದೆ ಇಳಿಯುವುದಿಲ್ಲ ಎಂದು ಪ್ರಯಾಣಿಕರು ಹಟ ಹಿಡಿದರು. ಬಾರ್ಕೂರಿನ ಅರಸನು ಹಾಗೆ ಮಾಡಿದ್ದನು. ಅಲ್ಲಿನ ಮುಸ್ಲಿಮರಿಗೆ ಬಲವಿಲ್ಲದ್ದರಿಂದ ಅದು ಬೇಕಾಯಿತು, ಇಲ್ಲಿ ಅದರ ಅಗತ್ಯವಿಲ್ಲ ಎಂದು ಖಾಝಿಯವರು ತಿಳಿಹೇಳಿದರೂ ಇವರು ಒಪ್ಪಲಿಲ್ಲ. ಕೊನೆಗೆ ಅರಸನು ಮಗನನ್ನು ಕಳುಹಿಸಿಕೊಟ್ಟನು. ಮೂರು ದಿನ ಅತಿಥಿಗಳಿಗೆ ಭಾರೀ ಸತ್ಕಾರ ನಡೆಯಿತು. ಊರಿನವರಿಗೂ ಮುಸ್ಲಿಮರಿಗೂ ಆಗಾಗ ಜಗಳವಾಗುತ್ತಿತ್ತೆಂದೂ, ವ್ಯಾಪಾರಿಗಳು ನಾಡಿಗೆ ಬೇಕಾದವರೆಂದು ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದನೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಜಗಳ ಹಳೆಯದು ನಿಜ, ಆದರೆ ರಾಜಿಯೂ ಅಷ್ಟೇ ಹಳೆಯದು.

ನಷ್ಟಗಳ ದಾರಿ

ಕಲ್ಲಿಕೋಟೆಯಲ್ಲಿ ಅವರ ಅದೃಷ್ಟ ಕೈಕೊಟ್ಟಿತು. ಜುಮಾ ನಮಾಝಿಗೆಂದು ಅವರು ದಡದಲ್ಲೇ ಉಳಿದಿದ್ದಾಗ ಬಿರುಗಾಳಿ ಎದ್ದಿತು. ಚೀನಾದ ದೊರೆಗೆ ಕೊಡಬೇಕಾಗಿದ್ದ ಕಾಣಿಕೆಗಳ ಹಡಗು ಒಡೆದು ಹೋಯಿತು. ಅವರ ಸಾಮಾನುಗಳಿದ್ದ ಇನ್ನೊಂದು ಹಡಗು ಅವರನ್ನು ಬಿಟ್ಟು ಹೊರಟೇ ಹೋಯಿತು. ಬರಿಗೈಯಾದವರು ಮರಳಿ ಬಂದು ಆಶ್ರಯ ಪಡೆದದ್ದು ಹೊನ್ನಾವರದಲ್ಲಿ. ಬಳಿಕ ಮಾಲ್ದೀವ್ಸ್‌ನಲ್ಲಿ ಖಾಝಿಯಾಗಿ, ಸಿಲೋನ್, ಬಂಗಾಳ, ಸುಮಾತ್ರಾಗಳ ಮೂಲಕ ಚೀನಾ ತಲುಪಿದರು.

1349ರಲ್ಲಿ ತಾಯ್ನಾಡಿಗೆ ಮರಳಿದಾಗ ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ತಂದೆ ಎಷ್ಟೋ ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು. ತಾಯಿ ಅವರು ಮನೆ ಸೇರುವ ಸ್ವಲ್ಪ ಮೊದಲು ಮಹಾಮಾರಿ ಪ್ಲೇಗಿಗೆ ಬಲಿಯಾಗಿದ್ದರು. ನಡುವೆ ಅನೇಕ ನಾಡುಗಳಲ್ಲಿ ಮದುವೆಯಾಗಿ, ಹೆಂಡತಿ ಮಕ್ಕಳನ್ನು ಅಲ್ಲಲ್ಲೇ ಬಿಟ್ಟು ಬಂದಿದ್ದರು. ದೊಡ್ಡವರ ಬದುಕಿನಲ್ಲಿ ನಾವು ಅನುಸರಿಸಬೇಕಾದದ್ದೂ ಇದೆ, ಅನುಸರಿಸಬಾರದ್ದೂ ಇದೆ. ಬಳಿಕ ಅವರು ಸ್ಪೇನ್‌ಗೂ, ಸಹರಾ ದಾಟಿ ಮಾಲಿಗೂ ಹೋಗಿ ಬಂದರು. ಅವರ ಒಟ್ಟು ಪ್ರಯಾಣ ಸುಮಾರು 1,17,000 ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ಭೂಮಿಯಿಂದ ಚಂದ್ರನಿಗಿರುವ ದೂರದ ಮೂರನೆಯ ಒಂದು ಪಾಲಿಗೆ ಇದು ಹತ್ತಿರ.

ಬರೆದಿಟ್ಟದ್ದರಿಂದ ಉಳಿದದ್ದು

ಇಷ್ಟೆಲ್ಲ ಸುತ್ತಿದರೂ ಯಾರೂ ಬರೆದಿಡದಿದ್ದರೆ ಅವರ ಹೆಸರು ಇಂದು ಇರುತ್ತಿರಲಿಲ್ಲ. ಮೊರಾಕ್ಕೋದ ಸುಲ್ತಾನ್ ಅಬೂ ಇನಾನ್ ಅವರ ಅಪ್ಪಣೆಯಂತೆ ಇಬ್ನ್ ಬತೂತರು ನೆನಪಿನಿಂದ ಹೇಳುತ್ತಾ ಹೋದರು. ಇಬ್ನ್ ಜುಝಯ್ ಎಂಬ ವಿದ್ವಾಂಸರು ಬರೆದುಕೊಂಡರು. 1355ರಲ್ಲಿ ಅದು ಮುಗಿಯಿತು. ಅದೇ ರಿಹ್ಲಾ ಎಂದು ಪ್ರಸಿದ್ಧವಾದ ಗ್ರಂಥ. ನೆನಪಿನಿಂದ ಹೇಳಿದ್ದರಿಂದ ಕೆಲವು ಕಡೆ ಕಾಲ, ಸ್ಥಳ ಹೊಂದುವುದಿಲ್ಲ. ಚೀನಾದ ಭಾಗವನ್ನು ಸಂಶಯಿಸುವ ವಿದ್ವಾಂಸರೂ ಇದ್ದಾರೆ. ಆದರೂ ಆ ಕಾಲದ ಕರಾವಳಿಯ ಮುಸ್ಲಿಮರ ಬದುಕನ್ನು ಕಣ್ಣಾರೆ ಕಂಡು ಹೇಳಿದ ಇಂತಹ ಬರಹ ಅಪರೂಪ. ಭಾರತಕ್ಕೆ ಸಂಬಂಧಿಸಿದ ಭಾಗಗಳನ್ನು ಮಹ್ದಿ ಹುಸೇನ್ ಅವರು ಇಂಗ್ಲಿಷಿಗೆ ಅನುವಾದಿಸಿ, ಅದು 1953ರಲ್ಲಿ ಬರೋಡಾದಿಂದ ಪ್ರಕಟವಾಯಿತು. ಕಾಲೇಜು ವಿದ್ಯಾರ್ಥಿಗಳು ಓದಲೇಬೇಕು.

ಕೊನೆಗಾಲದಲ್ಲಿ ಮೊರಾಕ್ಕೋದಲ್ಲೇ ಖಾಝಿಯಾಗಿದ್ದು ಅವರು ನಿಧನ ಹೊಂದಿದರು. 1368-69ರಲ್ಲಿ ಎಂದು ಕೆಲವರೂ 1377ರಲ್ಲಿ ಎಂದು ಕೆಲವರೂ ಹೇಳುತ್ತಾರೆ.

ಓದುಗರೇ, ಚಂದ್ರನಲ್ಲಿ ನಮ್ಮವರ ಹೆಸರಿದೆ ಎಂದು ಹೆಮ್ಮೆಪಡುವುದು ಸುಲಭ. ಅಷ್ಟಕ್ಕೇ ನಿಂತರೆ ಪ್ರಯೋಜನವಿಲ್ಲ. ಹೊನ್ನಾವರದ ಆ 13 ಶಾಲೆಗಳು ಇಂದು ಕಾಲದ ಲಾವಾದಲ್ಲಿ ಮುಳುಗಿದ ಭೂತ ಕುಳಿಗಳಂತೆ. ಕಟ್ಟಡವಿಲ್ಲ, ಕಲಿಸಿದವರ ಹೆಸರಿಲ್ಲ, ಕಲಿತವರ ಹೆಸರಿಲ್ಲ. ಒಬ್ಬ ಪರದೇಶಿ ಯಾತ್ರಿಕ ಹೇಳಿಟ್ಟ ಅಂಚು ಮಾತ್ರ ಕಾಣುತ್ತಿದೆ. ಹೆಣ್ಣುಮಕ್ಕಳಿಗೆ ಶಾಲೆ ಎಂಬುದು ಹೊರಗಿನಿಂದ ಬಂದ ಹೊಸ ಪದ್ಧತಿ ಎಂದು ನಮ್ಮ ಜಮಾಅತ್‌ಗಳಲ್ಲಿ ಯಾರಾದರೂ ಹೇಳಿದರೆ, 14ನೆಯ ಶತಮಾನದ ಆ ಲೆಕ್ಕವನ್ನು ಅವರ ಮುಂದಿಡಿರಿ. ಹತ್ತನೆಯ ತರಗತಿಯ ನಂತರ ಮನೆಯಲ್ಲಿ ಕೂತ ಹುಡುಗಿ ನಿಮ್ಮ ನೆರೆಯಲ್ಲಿದ್ದರೆ ಅವಳ ತಂದೆಯೊಡನೆ ಮಾತನಾಡಿರಿ. ವಿದ್ಯಾರ್ಥಿ ಮಿತ್ರರು ಇನ್ನೊಂದು ಕೆಲಸವನ್ನೂ ಮಾಡಬಹುದು. ನಿಮ್ಮೂರಿನ ಹಳೆಯ ಮದ್ರಸ, ಶಾಲೆಗಳನ್ನು ಯಾರು ಕಟ್ಟಿದರು, ಮೊದಲು ಯಾರು ಕಲಿಸಿದರು, ಮೊದಲು ಓದಿದ ಹೆಣ್ಣುಮಗಳು ಯಾರು ಎಂದು ಹಿರಿಯರನ್ನು ಕೇಳಿ, ಇಬ್ನ್ ಜುಝಯ್ ಮಾಡಿದಂತೆ ಒಂದು ಪುಸ್ತಕದಲ್ಲಿ ಬರೆದಿಡಿರಿ. ಹೇಳುವ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.