ರಕ್ತದ ಗುಂಪು ತಿಳಿಸಿಕೊಟ್ಟ ಕಾರ್ಲ್ ಲ್ಯಾಂಡ್‌ಸ್ಟೈನರ್

ಪ್ರತಿ ವರ್ಷ ಜೂನ್ 14ರಂದು ವಿಶ್ವ ರಕ್ತದಾನಿಗಳ ದಿನ ಆಚರಿಸುತ್ತಾರೆ. ಅದು ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ. ರಕ್ತದಲ್ಲಿ ಗುಂಪುಗಳಿವೆ ಎಂದು ಜಗತ್ತಿಗೆ ತಿಳಿಸಿಕೊಟ್ಟವರು ಇವರೇ. ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಇವರ ಬಗ್ಗೆ ಓದುತ್ತಾ ಹೋದಂತೆ, ಬ್ಲಡ್ ಬ್ಯಾಂಕಿನ ಲೆಕ್ಕ ನಮ್ಮ ಅಕೌಂಟೆನ್ಸಿಗಿಂತ ಕಟ್ಟುನಿಟ್ಟಾದದ್ದು ಎನಿಸಿತು.

ಲ್ಯಾಂಡ್‌ಸ್ಟೈನರ್ 1868ರಲ್ಲಿ ಆಸ್ಟ್ರಿಯಾದ ವಿಯೆನ್ನಾ ಬಳಿ ಹುಟ್ಟಿದರು. ತಂದೆ ಪತ್ರಕರ್ತರು. ಮಗನಿಗೆ ಆರು ವರ್ಷವಾಗಿದ್ದಾಗಲೇ ತೀರಿಹೋದರು. ತಾಯಿ ಫ್ಯಾನಿ ಒಬ್ಬರೇ ಬೆಳೆಸಿದರು. 1891ರಲ್ಲಿ ಡಾಕ್ಟರ್ ಪದವಿ ಪಡೆದರೂ ಪ್ರಾಕ್ಟೀಸ್ ಮಾಡಿ ಹಣ ಗಳಿಸಲು ಹೋಗಲಿಲ್ಲ. ರಸಾಯನಶಾಸ್ತ್ರ ಕಲಿಯಲು ಬೇರೆ ಊರುಗಳಿಗೆ ಹೋದರು. ಆಮೇಲೆ ವಿಯೆನ್ನಾಗೆ ಬಂದು ಸುಮಾರು ಹತ್ತು ವರ್ಷ ಶವಪರೀಕ್ಷೆಯ ವಿಭಾಗದಲ್ಲಿ ದುಡಿದರು.

ಆ ಕಾಲದಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟರೆ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ಸಹೋದ್ಯೋಗಿಗಳ ರಕ್ತ ತೆಗೆದು, ಕೆಂಪುಕಣ ಮತ್ತು ಸೀರಮ್ ಬೇರೆ ಮಾಡಿ, ಒಬ್ಬರದನ್ನು ಇನ್ನೊಬ್ಬರದಕ್ಕೆ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಕಣಗಳು ಗಂಟುಕಟ್ಟಿದವು, ಕೆಲವದರಲ್ಲಿ ಏನೂ ಆಗಲಿಲ್ಲ. 1901ರಲ್ಲಿ ಎ, ಬಿ, ಸಿ ಎಂಬ ಮೂರು ಗುಂಪುಗಳನ್ನು ಪ್ರಕಟಿಸಿದರು. ಆ ಸಿ ಗುಂಪನ್ನೇ ಈಗ ಓ ಎನ್ನುತ್ತೇವೆ. ಮರುವರ್ಷ ಅವರ ಜೊತೆಯವರು ಎಬಿ ಗುಂಪನ್ನು ಕಂಡುಹಿಡಿದರು.

ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಖೂನ್ ಕಾ ರಿಶ್ತಾ ಅನ್ನುತ್ತೇವೆ, ಅಂದರೆ ರಕ್ತಸಂಬಂಧ. ಆದರೆ ಅಣ್ಣನ ರಕ್ತ ತಮ್ಮನಿಗೆ ಹೊಂದದೇ ಇರಬಹುದು. ಜಾತಿ, ಧರ್ಮ, ಊರು ಗೊತ್ತಿಲ್ಲದ ಯಾರದೋ ರಕ್ತ ಹೊಂದಬಹುದು.

ಇಷ್ಟು ದೊಡ್ಡ ವಿಷಯ ಕಂಡುಹಿಡಿದರೂ ಅವರಿಗೆ ಸುಖ ಸಿಗಲಿಲ್ಲ. ಮೊದಲ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ಬದುಕುವುದೇ ಕಷ್ಟವಾಯಿತು. 1919ರಲ್ಲಿ ಹಾಲೆಂಡಿನ ಒಂದು ಚಿಕ್ಕ ಆಸ್ಪತ್ರೆಗೆ ಸೇರಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದರು. ನಂತರ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಅವರನ್ನು ಕರೆಸಿಕೊಂಡಿತು. ನೊಬೆಲ್ ಬಹುಮಾನ ಬಂದದ್ದು 1930ರಲ್ಲಿ. 1940ರಲ್ಲಿ, 72ನೇ ವಯಸ್ಸಿನಲ್ಲಿ, ಅಲೆಕ್ಸಾಂಡರ್ ವೀನರ್ ಜೊತೆ ಆರ್‌ಎಚ್ ಅಂಶವನ್ನೂ ತಿಳಿಸಿದರು. ನಮ್ಮ ಗುಂಪಿನ ಪಕ್ಕದಲ್ಲಿರುವ ಪಾಸಿಟಿವ್, ನೆಗೆಟಿವ್ ಎಂದರೆ ಅದೇ. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿರುವಾಗಲೇ ಹೃದಯಾಘಾತವಾಗಿ, ಎರಡು ದಿನದ ನಂತರ ತೀರಿಕೊಂಡರು.

ಬ್ಲಡ್ ಬ್ಯಾಂಕ್ ಎಂಬ ಹೆಸರು ಬಂದದ್ದು 1937ರಲ್ಲಿ, ಶಿಕಾಗೋದ ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯರಿಂದ. ಇದೂ ಡಿಪಾಸಿಟ್ ಇದ್ದರೆ ಮಾತ್ರ ವಿತ್‌ಡ್ರಾ ಮಾಡಬಹುದಾದ ಬ್ಯಾಂಕೇ. ಆದರೆ ಇಲ್ಲಿ ಬಡ್ಡಿ ಬೆಳೆಯುವುದಿಲ್ಲ, ಅಸಲೇ ಕೆಡುತ್ತದೆ. ಕೆಂಪುಕಣಗಳನ್ನು 2ರಿಂದ 6 ಡಿಗ್ರಿ ತಂಪಿನಲ್ಲಿ ಇಡಬೇಕು. ಚೀಲದ ದ್ರಾವಣ ಯಾವುದು ಎಂಬುದರ ಮೇಲೆ 35 ಅಥವಾ 42 ದಿನ ಬಾಳುತ್ತವೆ. ಪ್ಲೇಟ್‌ಲೆಟ್ ಐದೇ ದಿನ, ಅದನ್ನೂ ಫ್ರಿಜ್‌ನಲ್ಲಿ ಇಡದೆ ಸದಾ ಅಲುಗಾಡಿಸುತ್ತಿರಬೇಕು. ಆದ್ದರಿಂದ ಹಳೇ ಸ್ಟಾಕನ್ನು ಮೊದಲು ಕೊಡುತ್ತಾರೆ.

ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಾಗಿ ಪರೀಕ್ಷಿಸುವುದು ಕಡ್ಡಾಯ. ಕೊಡುವ ಮೊದಲು ರೋಗಿಯ ರಕ್ತದ ಜೊತೆ ಬೆರೆಸಿ ನೋಡುತ್ತಾರೆ, ಅದೇ ಕ್ರಾಸ್ ಮ್ಯಾಚ್. ಹೊರಗೆ ಕಾಯುವ ಮನೆಯವರಿಗೆ ಆ ಹೊತ್ತು ಯುಗದಂತೆ ಕಾಣುತ್ತದೆ, ಕೆಲವರು ಕೌಂಟರ್‌ನಲ್ಲಿ ಜಗಳಕ್ಕೂ ನಿಲ್ಲುತ್ತಾರೆ. ಆದರೆ ಆತುರದಲ್ಲಿ ಟ್ಯೂಬಿನ ಮೇಲೆ ಬೇರೆ ರೋಗಿಯ ಹೆಸರು ಬಿದ್ದರೆ, ಹೊಂದದ ರಕ್ತ ಹೋಗಿ ಪ್ರಾಣಕ್ಕೇ ಕುತ್ತು. ನಮ್ಮ ಲೆಡ್ಜರ್‌ನಲ್ಲಿ ತಪ್ಪು ಎಂಟ್ರಿಯನ್ನು ತಿದ್ದಬಹುದು, ಅಲ್ಲಿ ತಿದ್ದಲಾಗುವುದಿಲ್ಲ.

ಇನ್ನೊಂದು ಮಾತು. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗದೇ ಹೋಗಬಹುದು. ಹಾಗಾಗಿ ದಾನಿ ಫಾರಂನಲ್ಲಿ ನಿಜ ಬರೆಯಬೇಕು. ಕಾಯಿಲೆ, ಔಷಧಿ, ವಯಸ್ಸು ಯಾವುದನ್ನೂ ಮುಚ್ಚಿಡಬಾರದು. ಸುಳ್ಳು ಹೇಳಿ ಕೊಟ್ಟ ರಕ್ತ ದಾನವಲ್ಲ.

ಕೋಲಾರ, ಮುಳಬಾಗಿಲು ದಾರಿಯ ಹೆದ್ದಾರಿಯಲ್ಲಿ ಅಪಘಾತವಾದರೂ, ಮಾಲೂರು ಅಥವಾ ಶ್ರೀನಿವಾಸಪುರದ ಹಳ್ಳಿಯಲ್ಲಿ ಹೆರಿಗೆಯ ಹೊತ್ತಿಗೆ ರಕ್ತಸ್ರಾವವಾದರೂ, ಆಗ ದಾನಿಯನ್ನು ಹುಡುಕುತ್ತಾ ಕೂರಲು ಸಮಯವಿರುವುದಿಲ್ಲ. ಯಾರೋ ಮೊದಲೇ ಕೊಟ್ಟಿಟ್ಟಿರಬೇಕು. 18 ತುಂಬಿದ, 45 ಕೆ.ಜಿ.ಗಿಂತ ಕಡಿಮೆ ಇಲ್ಲದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಖಾಲಿ ಹೊಟ್ಟೆಯಲ್ಲಿ ಕೊಡಬಾರದು, ಆದ್ದರಿಂದ ರೋಜಾ ಇರುವವರು ಇಫ್ತಾರ್ ಮುಗಿಸಿ ಊಟವಾದ ಮೇಲೆ ಕೊಡುವುದು ಒಳ್ಳೆಯದು.

ನನಗೆ ಈಗ 17. ಇನ್ನೂ ಅಕೌಂಟ್ ತೆರೆಯುವ ಹಾಗಿಲ್ಲ. ನಮ್ಮ ಉಪನ್ಯಾಸಕರು, 18 ತುಂಬಿದ ಸೀನಿಯರ್‌ಗಳು ಕೊಡಬಹುದು. ನನ್ನಂಥವರು ಸದ್ಯಕ್ಕೆ ನಮ್ಮ ಗುಂಪು ಯಾವುದೆಂದು ತಿಳಿದುಕೊಂಡು, ಕಾಲೇಜಿನ ಗುರುತಿನ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳೋಣ.