ಚೀನಾದಲ್ಲಿ ಮನೆ ಮಾಡಿದ ಸೋಲಾಪುರದ ಡಾಕ್ಟರ್

ಬಿ.ಇ. ಮೂರನೇ ವರ್ಷಕ್ಕೆ ಬಂದ ಮೇಲೆ ಯಾರೇ ಸಿಕ್ಕರೂ ಕೇಳುವುದು ಒಂದೇ ಮಾತು. ಮುಂದೇನು? ಎಂ.ಎಸ್.ಗೆ ಹೊರದೇಶಕ್ಕೆ ಹೋಗುತ್ತೀಯಾ, ಇಲ್ಲೇ ಕೆಲಸ ಹುಡುಕುತ್ತೀಯಾ? ಯಾವಾಗ ಸೆಟ್ಲ್ ಆಗುವುದು? ಸೆಟ್ಲ್ ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಅರ್ಥ ಗಟ್ಟಿಯಾಗಿದೆ: ಒಳ್ಳೆಯ ಸಂಬಳ, ಸ್ವಂತ ಮನೆ, ಆಮೇಲೆ ಮದುವೆ. ಹೊರದೇಶವಾದರೆ ಇದಕ್ಕೆ ವೀಸಾ ಕೂಡ ಸೇರುತ್ತದೆ. ಈ ಲೆಕ್ಕಕ್ಕೆ ಸಿಗದ ಹಾಗೆ ಪರದೇಶದಲ್ಲಿ ನೆಲೆ ನಿಂತ ಒಬ್ಬ ಯುವಕನ ಬದುಕನ್ನು ನನ್ನ ವಯಸ್ಸಿನವರೆಲ್ಲ ಒಮ್ಮೆ ತಿಳಿದುಕೊಳ್ಳಬೇಕು ಅನಿಸುತ್ತದೆ. ಅವರೇ ಡಾ. ದ್ವಾರಕಾನಾಥ ಕೋಟ್ನಿಸ್.

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೋಲಾಪುರದಲ್ಲಿ. ಇಂದು ಮಹಾರಾಷ್ಟ್ರದ ಗಡಿ ಜಿಲ್ಲೆಯಾದ ಸೋಲಾಪುರ ಕನ್ನಡಿಗರಿಗೆ ಹೊರಗಿನ ಊರೇನಲ್ಲ. ಹನ್ನೆರಡನೇ ಶತಮಾನದ ವಚನಕಾರ ಸಿದ್ಧರಾಮ ಬಾಳಿದ ಸೊನ್ನಲಿಗೆಯೇ ಈ ಸೋಲಾಪುರ. ಬಟ್ಟೆ ಗಿರಣಿಗಳ ಆ ಊರಿನಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಕೋಟ್ನಿಸ್ ಅವರದು ಮರಾಠಿ ಮಾತನಾಡುವ ಮಧ್ಯಮ ವರ್ಗದ ದೊಡ್ಡ ಕುಟುಂಬ. ಮುಂಬೈಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ಇನ್ನೇನು ಸ್ನಾತಕೋತ್ತರ ಪದವಿ, ಆಮೇಲೆ ಪ್ರಾಕ್ಟೀಸ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹುಡುಗ ಸೆಟ್ಲ್ ಆಗುವ ಹೊತ್ತು.

ಅಷ್ಟರಲ್ಲಿ, 1937ರಲ್ಲಿ, ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಶುರು ಮಾಡಿತು. ಗಾಯಾಳುಗಳಿಗೆ ಚಿಕಿತ್ಸೆ ಕೊಡಲು ಅಲ್ಲಿ ಡಾಕ್ಟರುಗಳು ಸಾಲದಾದರು. ಚೀನಾದ ಸೇನಾ ನಾಯಕ ಝು ದ ನೆರವು ಕೋರಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್ ಚಂದ್ರ ಬೋಸ್ ದೇಶದ ಜನರಲ್ಲಿ ಮನವಿ ಮಾಡಿದರು. ನಾವೇ ಆಗ ಬ್ರಿಟಿಷರ ಕೈಯಲ್ಲಿದ್ದೆವು ಎಂಬುದನ್ನು ನೆನಪಿಡಬೇಕು. ಆದರೂ ಜನ ಹಣ ಕೂಡಿಸಿದರು, ಆಂಬುಲೆನ್ಸ್ ಮತ್ತು ಔಷಧಿ ಹೊಂದಿಸಿದರು, ಐವರು ಡಾಕ್ಟರುಗಳು ಸ್ವಯಂಸೇವಕರಾಗಿ ಹೊರಟರು. ತಂಡದ ನಾಯಕ ಅಲಹಾಬಾದಿನ ಡಾ. ಅಟಲ್, ನಾಗಪುರದ ಡಾ. ಚೋಳ್ಕರ್, ಕಲ್ಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಜೊತೆಗೆ ಸೋಲಾಪುರದ ಡಾ. ಕೋಟ್ನಿಸ್. 1938ರ ಸೆಪ್ಟೆಂಬರ್ 1ರಂದು ಮುಂಬೈಯಿಂದ ಹಡಗು ಹೊರಟಾಗ ಕೋಟ್ನಿಸ್ ಅವರಿಗೆ 27 ವರ್ಷ.

ಹೊಸ ನೆಲದಲ್ಲಿ ಮೊದಲು ಸಿಕ್ಕಿದ್ದು ಹೊಸ ಹೆಸರು. ಐವರ ಹೆಸರಿಗೂ ಕೊನೆಯಲ್ಲಿ ಹುವಾ ಸೇರಿಸಿ ಚೀನೀ ಹೆಸರು ಕೊಟ್ಟರು. ಹುವಾ ಎಂದರೆ ಚೀನಾ ಎಂದೇ ಅರ್ಥ. ಹಾಗೆ ಕೋಟ್ನಿಸ್ ಅವರು ಕ ದಿಹುವಾ ಆದರು. ಇಂದಿಗೂ ಅಲ್ಲಿಯ ಜನಕ್ಕೆ ಅವರು ಈ ಹೆಸರಿನಿಂದಲೇ ಪರಿಚಿತರು.

ಎರಡನೆಯದಾಗಿ ಬಂದದ್ದು ಕಷ್ಟದ ಸುದ್ದಿ. ತಂಡ ಚೊಂಗ್‌ಚಿಂಗ್ ನಗರದಲ್ಲಿದ್ದಾಗ ಸೋಲಾಪುರದಲ್ಲಿ ತಂದೆ ತೀರಿಕೊಂಡ ಸುದ್ದಿ ಮುಟ್ಟಿತು. ವಾಪಸ್ ಹೋಗು ಎಂದು ಜೊತೆಯವರು ಹೇಳಿದರು. ಹೋಗಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಕೋಟ್ನಿಸ್ ಹೋಗಲಿಲ್ಲ. ಈ ನಿರ್ಧಾರವನ್ನು ಸುಮ್ಮನೆ ಹೊಗಳಿಬಿಡುವುದು ಸುಲಭ. ಆದರೆ ಅದರ ಭಾರ ಹೊತ್ತವರಲ್ಲಿ ಊರಿನಲ್ಲಿದ್ದ ತಾಯಿ, ಅಣ್ಣ-ತಂಗಿಯರೂ ಇದ್ದರು. ಮಗ ದೂರದಲ್ಲಿ ಮನೆ ಮಾಡಿದರೆ ಇಲ್ಲೊಂದು ಮನೆ ಸ್ವಲ್ಪ ಖಾಲಿಯಾಗುತ್ತದೆ. ಹೊರದೇಶಕ್ಕೆ ಹೋಗುವ ಯಾರ ಕಥೆಯಲ್ಲೂ ಈ ಭಾಗವನ್ನು ಬಿಟ್ಟು ಹೇಳಬಾರದು.

1939ರ ಫೆಬ್ರವರಿಯಲ್ಲಿ ತಂಡ ಯಾನಾನ್ ತಲುಪಿತು. ಅದು ಎಂಟನೇ ಮಾರ್ಗ ಸೇನೆಯ ಕೇಂದ್ರ. ಅಲ್ಲಿ ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಗಳೇ ಮನೆ. ಜಪಾನಿನ ವಿಮಾನಗಳು ಬಾಂಬು ಹಾಕುತ್ತಿದ್ದುದರಿಂದ ಆ ಗುಹೆಗಳೇ ರಕ್ಷಣೆಯೂ ಹೌದು. ಊಟಕ್ಕೆ ಹೆಚ್ಚಾಗಿ ನವಣೆ. ನಮ್ಮ ರಾಗಿ ಸೀಮೆಯವರಿಗೆ ನವಣೆ ಹೊಸದಲ್ಲ. ಆದರೆ ಮೈ ಕೊರೆಯುವ ಚಳಿ ಹೊಸದು, ಭಾಷೆ ಹೊಸದು, ಬರೆಯುವ ಲಿಪಿ ಇನ್ನೂ ಹೊಸದು.

ಕೋಟ್ನಿಸ್ ನೆಲೆಯೂರಿದ್ದು ಭಾಷೆಯ ಮೂಲಕ. ದುಭಾಷಿಯನ್ನು ಇಟ್ಟುಕೊಂಡೇ ಅವರು ಆಪರೇಷನ್ ಮಾಡಬಹುದಿತ್ತು. ಆದರೆ ರೋಗಿಗೆ ಎಲ್ಲಿ ನೋವು ಎಂದು ಮೂರನೆಯವರ ಬಾಯಿಂದ ಕೇಳುವುದಕ್ಕೂ ರೋಗಿಯ ಬಾಯಿಂದಲೇ ಕೇಳುವುದಕ್ಕೂ ವ್ಯತ್ಯಾಸವಿದೆ. ಅವರು ಚೀನೀ ಭಾಷೆ ಮಾತನಾಡಲು ಮಾತ್ರವಲ್ಲ, ಓದಲು, ಬರೆಯಲು ಕಲಿತರು. ವೈದ್ಯ ವಿದ್ಯಾರ್ಥಿಗಳಿಗೆ ಅದೇ ಭಾಷೆಯಲ್ಲಿ ಪಾಠ ಮಾಡಿದರು. ಇದರ ಬೆಲೆ ಏನೆಂದು ಹಾರೋಹಳ್ಳಿಯಲ್ಲಿರುವ ನಮಗೆ ದಿನಾ ಕಾಣುತ್ತದೆ. ಇಲ್ಲಿಯ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆಂದು ದೂರದ ರಾಜ್ಯಗಳಿಂದ ಬಂದವರು ಅಂಗಡಿ ಮುಂದೆ ನಿಂತು ಅಣ್ಣಾ ಎಷ್ಟು ಎಂದು ಕೇಳಿದ ದಿನ ಅಂಗಡಿಯವರ ಮುಖವೇ ಬೇರೆಯಾಗುತ್ತದೆ. ಆಮೇಲೆ ವ್ಯಾಪಾರದ ಜೊತೆ ಎರಡು ಮಾತೂ ನಡೆಯುತ್ತದೆ.

1940ರಲ್ಲಿ ಕೋಟ್ನಿಸ್ ಮತ್ತು ಬಸು ಯುದ್ಧರಂಗಕ್ಕೆ ಹತ್ತಿರವಾದ ಉತ್ತರ ಚೀನಾದ ಗಡಿ ಪ್ರದೇಶಕ್ಕೆ ಬಂದರು. ಕೆನಡಾದ ಹೆಸರಾಂತ ಸರ್ಜನ್ ನಾರ್ಮನ್ ಬೆಥೂನ್ ಅಲ್ಲಿ ದುಡಿದು, ಆಪರೇಷನ್ ವೇಳೆ ಬೆರಳಿಗೆ ಆದ ಗಾಯದಿಂದ ನಂಜೇರಿ 1939ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಆಸ್ಪತ್ರೆ ಎಂದರೆ ದೊಡ್ಡ ಕಟ್ಟಡವಲ್ಲ, ಹಳ್ಳಿಯ ಮನೆಗಳೇ ವಾರ್ಡು. ಅದಕ್ಕೂ ಮೊದಲು, 1940ರ ಒಂದು ದೀರ್ಘ ಕಾಳಗದ ಸಮಯದಲ್ಲಿ ಅವರು 72 ಗಂಟೆ ನಿದ್ದೆಯಿಲ್ಲದೆ ಆಪರೇಷನ್ ಮಾಡಿದ್ದರು. ಆ ಕಾಳಗದಲ್ಲಿ ಅವರು ನೋಡಿಕೊಂಡ ಗಾಯಾಳುಗಳು 800ಕ್ಕೂ ಹೆಚ್ಚು. ಸೈನಿಕರು, ಹಳ್ಳಿಯವರು ಅವರನ್ನು ಪ್ರೀತಿಯಿಂದ ಕಪ್ಪು ತಾಯಿ ಎಂದು ಕರೆಯುತ್ತಿದ್ದರು. ಗಂಡಸಿಗೆ ತಾಯಿ ಎಂಬ ಹೆಸರು ಸುಮ್ಮನೆ ಸಿಗುವುದಿಲ್ಲ.

ಬೆಥೂನ್ ಸಮಾಧಿಯ ಉದ್ಘಾಟನೆಯ ಸಮಯದಲ್ಲಿ ಕೋಟ್ನಿಸ್ ಅವರಿಗೆ ಪರಿಚಯವಾದವರು ಗುವೋ ಚಿಂಗ್‌ಲಾನ್. ನರ್ಸಿಂಗ್ ಕಲಿಸುತ್ತಿದ್ದ ಅವರಿಗೆ ಅಚ್ಚರಿ ತಂದದ್ದು ಈ ಭಾರತೀಯ ಡಾಕ್ಟರ್ ಸಲೀಸಾಗಿ ಆಡುತ್ತಿದ್ದ ಚೀನೀ ಮಾತು. 1941ರ ನವೆಂಬರಿನಲ್ಲಿ ಇಬ್ಬರ ಮದುವೆಯಾಯಿತು. 1942ರ ಆಗಸ್ಟಿನಲ್ಲಿ ಗಂಡು ಮಗು ಹುಟ್ಟಿತು. ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಹೊಸ ಮನೆಗಾಗಿ ಹಳೆಯ ಮನೆಯನ್ನು ಅಳಿಸಿ ಹಾಕಬೇಕಿಲ್ಲ ಎಂಬುದಕ್ಕೆ ಆ ಹೆಸರಿಗಿಂತ ಬೇರೆ ಸಾಕ್ಷಿ ಬೇಡ.

ಆದರೆ ಆ ಮನೆಯಲ್ಲಿ ಅವರು ಹೆಚ್ಚು ದಿನ ಬಾಳಲಿಲ್ಲ. ಬಿಡುವಿಲ್ಲದ ದುಡಿಮೆ, ಅರೆಹೊಟ್ಟೆ, ಚಳಿಯ ನಡುವೆ ಮೂರ್ಛೆರೋಗ ಅವರನ್ನು ಹಿಡಿದಿತ್ತು. ಚಿಕಿತ್ಸೆಗೆ ಬೇರೆಡೆ ಹೋಗುವ ಸಲಹೆ ಬಂದರೂ ಒಪ್ಪಲಿಲ್ಲ. ಕಾಯಿಲೆಯ ನಡುವೆಯೇ ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯ ಬರೆಯುತ್ತಿದ್ದರು. 1942ರ ಡಿಸೆಂಬರ್ 9ರಂದು ತೀರಿಕೊಂಡಾಗ ಅವರ ವಯಸ್ಸು 32, ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಉಳಿದ ನಾಲ್ವರು ಡಾಕ್ಟರುಗಳು ಭಾರತಕ್ಕೆ ಮರಳಿದರು.

1946ರಲ್ಲಿ ವಿ. ಶಾಂತಾರಾಂ ಇವರ ಬದುಕನ್ನು ಹಿಂದಿ ಸಿನಿಮಾ ಮಾಡಿ, ತಾವೇ ಕೋಟ್ನಿಸ್ ಪಾತ್ರ ವಹಿಸಿದರು. ಚೀನಾದ ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಅವರ ಸಮಾಧಿ ಮತ್ತು ಪ್ರತಿಮೆ ಇವೆ. ಸೋಲಾಪುರದಲ್ಲಿ ಅವರ ಸ್ಮಾರಕವಿದೆ. ಗುವೋ ಚಿಂಗ್‌ಲಾನ್ ಗಂಡನ ಊರಿನ ನಂಟು ಬಿಡದೆ ಭಾರತಕ್ಕೆ ಹಲವು ಸಲ ಬಂದು ಹೋದರು, 2012ರಲ್ಲಿ ತೀರಿಕೊಂಡರು. ನಡುವೆ 1962ರಲ್ಲಿ ಎರಡು ದೇಶಗಳೇ ಯುದ್ಧ ಮಾಡಿದವು. ಆದರೂ ಆ ಸಮಾಧಿಯನ್ನು ಅಲ್ಲಿಯ ಜನ ಮರೆಯಲಿಲ್ಲ.

ನಮ್ಮಲ್ಲಿ ಎಲ್ಲರೂ ಯುದ್ಧಭೂಮಿಗೆ ಹೋಗಬೇಕಿಲ್ಲ. ಸಂಬಳಕ್ಕಾಗಿ ಹೊರಗೆ ಹೋಗುವುದೂ ತಪ್ಪಲ್ಲ, ಮನೆಯ ಸಾಲ ತೀರಬೇಕಲ್ಲ. ಆದರೆ ಹೋದ ಕಡೆ ವರ್ಷಗಟ್ಟಲೆ ಇದ್ದೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ಬದುಕುವವರು ಎಷ್ಟೋ ಜನ. ಕೋಟ್ನಿಸ್ ಅವರಿಗೆ ಅಲ್ಲಿ ಸಿಕ್ಕಿದ್ದು ನಾಲ್ಕು ವರ್ಷ ಚಿಲ್ಲರೆ ಮಾತ್ರ. ಅಷ್ಟರಲ್ಲೇ ಅವರು ಆ ಊರಿನವರಾದರು, ಏಕೆಂದರೆ ಆ ಊರಿಗೆ ಬೇಕಾದ ಕೆಲಸವನ್ನು ಆ ಊರಿನ ಮಾತಿನಲ್ಲೇ ಮಾಡಿದರು. ನಾಳೆ ನಮ್ಮ ಕೈಗೆ ಬರುವ ಆಫರ್ ಲೆಟರ್ ಪುಣೆಯದ್ದಾಗಲಿ, ಜರ್ಮನಿಯದ್ದಾಗಲಿ, ಬಟ್ಟೆ ಜೋಡಿಸುವ ಮೊದಲು ಆ ಊರಿನ ಹತ್ತು ಮಾತು ಕಲಿಯೋಣ. ಆ ಊರಿಗೆ ನನ್ನಿಂದ ಏನು ಆಗಬೇಕಿದೆ ಎಂದೂ ಕೇಳಿಕೊಳ್ಳೋಣ. ಸೆಟ್ಲ್ ಆಗುವುದು ಅಲ್ಲಿಂದಲೇ ಶುರು.

– ಬಿ.ಇ. ವಿದ್ಯಾರ್ಥಿ, ಹಾರೋಹಳ್ಳಿ