ಸಂತ ಅಂತೋಣಿಯವರು ಮತ್ತು ಮಗುವಿನ ತೂಕದ ಧಾನ್ಯ



ಕಂದು ಬಣ್ಣದ ನಿಲುವಂಗಿ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು, ತೋಳಿನಲ್ಲಿ ಬಾಲಯೇಸುವನ್ನು ಎತ್ತಿಕೊಂಡಿರುವ ಸ್ವರೂಪದ ಮುಂದೆ ಮೇಣದಬತ್ತಿ ಹಚ್ಚದೆ ಈ ಬೆಟ್ಟ ಇಳಿಯುವವರು ಕಡಿಮೆ. ಅವರೇ ಪಾದುವಾದ ಸಂತ ಅಂತೋಣಿಯವರು. ಕಳೆದುಹೋದ ವಸ್ತು ಹುಡುಕಿಕೊಡುವ ಸಂತರು ಅಂತ ಎಲ್ಲರಿಗೂ ಗೊತ್ತು. ಬೀಗದ ಕೈ ಕಳೆದರೂ ಅವರೇ, ಹಸು ಕಳೆದರೂ ಅವರೇ. ಆದರೆ ಅವರು ಬದುಕಿದ್ದಾಗ ಬಡವರಿಗಾಗಿ, ಸಾಲಗಾರರಿಗಾಗಿ ಏನು ಮಾಡಿದರು ಅನ್ನೋದು ಎಷ್ಟೋ ಮಂದಿಗೆ ತಿಳಿದಿಲ್ಲ. ಮಕ್ಕಳ ಜೊತೆ ಬಂದಿರುವ ತಂದೆತಾಯಂದಿರು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಇದನ್ನು ಅವರಿಗೆ ಓದಿ ಹೇಳಬಹುದು.

ಸಂತರು ಹುಟ್ಟಿದ್ದು 1195ರಲ್ಲಿ, ಪೋರ್ಚುಗಲ್ ದೇಶದ ಲಿಸ್ಬನ್ ಪಟ್ಟಣದಲ್ಲಿ. ಮನೆಯವರು ಇಟ್ಟ ಹೆಸರು ಫೆರ್ನಾಂಡೋ. ಅನುಕೂಲಸ್ಥ ಮನೆತನ, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಹದಿನೈದರ ಆಸುಪಾಸಿನಲ್ಲೇ ಮನೆ ಬಿಟ್ಟು ಅಗಸ್ಟೀನರ ಮಠ ಸೇರಿದರು. ಮುಂದೆ ಕೊಯಿಂಬ್ರಾ ಪಟ್ಟಣದ ಮಠದಲ್ಲಿ ಪವಿತ್ರ ಗ್ರಂಥವನ್ನು ಆಳವಾಗಿ ಓದಿದರು. 1220ರಲ್ಲಿ ಮೊರಾಕೋ ದೇಶದಲ್ಲಿ ಪ್ರಾಣಕೊಟ್ಟ ಐವರು ಫ್ರಾನ್ಸಿಸ್ಕನ್ ಸಹೋದರರ ಅವಶೇಷಗಳನ್ನು ಅದೇ ಊರಿಗೆ ತಂದರು. ಅದನ್ನು ಕಂಡು ಅವರ ಮನಸ್ಸು ಕರಗಿತು. ಅಸ್ಸಿಸಿಯ ಸಂತ ಫ್ರಾನ್ಸಿಸರ ಬಡ ಸಭೆಗೆ ಸೇರಿ ಅಂತೋಣಿ ಎಂಬ ಹೆಸರು ತೆಗೆದುಕೊಂಡರು. ತಾವೂ ಮೊರಾಕೋಗೆ ಹೋದರು, ಅಲ್ಲಿ ಕಾಯಿಲೆ ಬಿದ್ದರು. ವಾಪಸು ಬರುವಾಗ ಬಿರುಗಾಳಿಗೆ ಸಿಕ್ಕ ಹಡಗು ಇಟಲಿಯ ಸಿಸಿಲಿ ದ್ವೀಪ ಮುಟ್ಟಿತು. ಹೋಗಬೇಕೆಂದದ್ದು ಒಂದು ಕಡೆ, ದೇವರು ಕರೆದೊಯ್ದದ್ದು ಇನ್ನೊಂದು ಕಡೆ.

ಇಟಲಿಯಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ. ಒಂದು ಬೆಟ್ಟದ ಆಶ್ರಮದಲ್ಲಿ ಪಾತ್ರೆ ತೊಳೆದುಕೊಂಡು, ನೆಲ ಗುಡಿಸಿಕೊಂಡು ಇದ್ದರು. ತಾನು ಇಷ್ಟು ಓದಿದವನು ಅಂತ ಬಾಯಿ ಬಿಡಲಿಲ್ಲ. 1222ರಲ್ಲಿ ಫೋರ್ಲಿ ಎಂಬ ಊರಿನಲ್ಲಿ ಗುರುದೀಕ್ಷೆಯ ಸಮಾರಂಭ ನಡೆದಾಗ ಪ್ರಬೋಧನೆ ಮಾಡಲು ಯಾರೂ ಸಿದ್ಧರಾಗಿರಲಿಲ್ಲ. ಈ ಅಡುಗೆಮನೆಯ ಸಹೋದರನೇ ಏನಾದರೂ ಹೇಳಲಿ ಎಂದರು ಹಿರಿಯರು. ಅವರು ಮಾತಾಡಿದ್ದು ಕೇಳಿ ಸಭೆ ದಂಗಾಯಿತು. ಅಲ್ಲಿಂದ ಮುಂದೆ ಉತ್ತರ ಇಟಲಿ, ಫ್ರಾನ್ಸ್ ಎಂದು ಊರೂರು ಸುತ್ತಿ ಶುಭಸಂದೇಶ ಸಾರಿದರು.

1231ರ ತಪಸ್ಸುಕಾಲದಲ್ಲಿ ಪಾದುವಾ ಪಟ್ಟಣದಲ್ಲಿ ಪ್ರತಿದಿನ ಪ್ರಬೋಧನೆ ಮಾಡಿದರು. ಚರ್ಚು ಸಾಲದೆ ಬಯಲಿನಲ್ಲಿ ಜನ ಕೂಡಿದರು. ಆ ಪಟ್ಟಣದಲ್ಲಿ ಬಡ್ಡಿ ವ್ಯವಹಾರ ಜೋರಾಗಿತ್ತು. ಸಾಲ ತೀರಿಸಲಾಗದವನನ್ನು ಸೆರೆಮನೆಗೆ ಹಾಕುತ್ತಿದ್ದರು. ಒಳಗೆ ಕೂತವನು ದುಡಿಯುವುದು ಹೇಗೆ, ಸಾಲ ತೀರಿಸುವುದು ಹೇಗೆ? ಹೊರಗೆ ಅವನ ಹೆಂಡತಿ ಮಕ್ಕಳಿಗೆ ಗತಿ ಯಾರು? ಅಂತೋಣಿಯವರು ದೇವರ ಕರುಣೆಯ ಬಗ್ಗೆ ಬರೀ ಮಾತಾಡಿ ಸುಮ್ಮನಾಗಲಿಲ್ಲ, ಪಟ್ಟಣದ ಆಡಳಿತದವರನ್ನು ಕೇಳಿಕೊಂಡರು. 1231ರ ಮಾರ್ಚ್ ತಿಂಗಳಲ್ಲಿ ಪಾದುವಾದಲ್ಲಿ ಹೊಸ ಕಟ್ಟಳೆ ಆಯಿತು. ಇದ್ದ ಆಸ್ತಿಯನ್ನೆಲ್ಲ ಒಪ್ಪಿಸಿದವನನ್ನು ಸಾಲದ ಕಾರಣಕ್ಕೆ ಸೆರೆಯಲ್ಲಿ ಇಡುವಂತಿಲ್ಲ ಎಂದು. ಅಂತೋಣಿಯವರ ಕೋರಿಕೆಯ ಮೇಲೆ ಇದನ್ನು ಮಾಡಲಾಗಿದೆ ಎಂದು ಆ ಕಟ್ಟಳೆಯಲ್ಲೇ ಬರೆದಿದೆ. ಪಿರಿಯಾಪಟ್ಟಣ, ಹುಣಸೂರು ಕಡೆಯ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪಿನ ಬ್ಯಾರನ್‌ಗೆ ಸಾಲ ಮಾಡಿ, ರೇಟು ಬಿದ್ದ ವರ್ಷ ಬೆಟ್ಟ ಹತ್ತಿ ಬಂದು ಸುಮ್ಮನೆ ಕೂತು ಹೋಗುವವರನ್ನು ನಾನು ಕಚೇರಿಯ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಅಷ್ಟರಲ್ಲಿ ಸಂತರ ದೇಹ ಸೋತಿತ್ತು. ವಿಶ್ರಾಂತಿಗೆಂದು ಪಾದುವಾ ಹತ್ತಿರದ ಕಾಂಪೋಸಾಂಪಿಯೆರೋ ಎಂಬಲ್ಲಿಗೆ ಹೋದರು. ಅಲ್ಲಿ ಒಂದು ಅಕ್ರೋಟು ಮರದ ಮೇಲೆ ಅವರಿಗೆ ಪುಟ್ಟ ಅಟ್ಟ ಕಟ್ಟಿಕೊಟ್ಟರು. ಒಂದು ರಾತ್ರಿ ಅವರ ಕೋಣೆಯಿಂದ ಬೆಳಕು ಬರುವುದನ್ನು ಕಂಡ ಆ ಜಾಗದ ಯಜಮಾನರು ಇಣುಕಿ ನೋಡಿದಾಗ ಸಂತರ ತೋಳಿನಲ್ಲಿ ಬಾಲಯೇಸು ಇದ್ದರಂತೆ. ಸ್ವರೂಪದಲ್ಲಿ ನಾವು ನೋಡುವುದು ಅದನ್ನೇ. 1231ರ ಜೂನ್ 13ರಂದು ಪಾದುವಾಗೆ ಹಿಂತಿರುಗುವ ದಾರಿಯಲ್ಲಿ, ಆರ್ಸೆಲ್ಲಾ ಎಂಬಲ್ಲಿ ಪ್ರಾಣ ಬಿಟ್ಟರು. ವಯಸ್ಸು ನಲವತ್ತೂ ಆಗಿರಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1232ರ ಮೇ 30ರಂದು ಒಂಬತ್ತನೇ ಗ್ರೆಗೊರಿ ಜಗದ್ಗುರುಗಳು ಅವರನ್ನು ಸಂತರೆಂದು ಸಾರಿದರು.

ಮಕ್ಕಳಿಗೆ ಹೇಳಬೇಕಾದ ಕಥೆ ಇನ್ನು ಮುಂದಿದೆ. ಪಾದುವಾದಲ್ಲಿ ಸಂತರ ದೇವಾಲಯ ಕಟ್ಟುತ್ತಿದ್ದ ಕಾಲ. ಹತ್ತಿರದ ಮನೆಯಲ್ಲಿ ತೊಮ್ಮಾಸಿನೋ ಎಂಬ ಇಪ್ಪತ್ತು ತಿಂಗಳ ಕೂಸು. ತಾಯಿ ಅತ್ತ ಹೋದಾಗ ನೀರು ತುಂಬಿದ ಪಾತ್ರೆಗೆ ತಲೆಕೆಳಗಾಗಿ ಬಿದ್ದಿತು. ಎತ್ತಿದಾಗ ಉಸಿರಿರಲಿಲ್ಲ. ತಾಯಿಯ ಗೋಳು ಕೇಳಿ ದೇವಾಲಯ ಕಟ್ಟುತ್ತಿದ್ದ ಕೆಲಸಗಾರರೂ ಓಡಿಬಂದರು. ಮಗು ಬದುಕಿದರೆ ಅದರ ತೂಕದಷ್ಟು ಧಾನ್ಯವನ್ನು ಬಡವರಿಗೆ ಕೊಡುತ್ತೇನೆಂದು ಆಕೆ ಅಂತೋಣಿಯವರಿಗೆ ಹರಕೆ ಹೊತ್ತಳು. ನಡುರಾತ್ರಿಗೆ ಮಗು ಎದ್ದಿತು ಎಂದು ಸಂತರ ಹಳೆಯ ಚರಿತ್ರೆ ಹೇಳುತ್ತದೆ. ಗಮನಿಸಿ, ಆಕೆ ಚಿನ್ನ ಒಪ್ಪಿಸುತ್ತೇನೆ ಅನ್ನಲಿಲ್ಲ, ಗೋಪುರ ಕಟ್ಟಿಸುತ್ತೇನೆ ಅನ್ನಲಿಲ್ಲ. ತನ್ನ ಮಗು ಎಷ್ಟು ಭಾರವೋ ಅಷ್ಟು ಹಿಟ್ಟು ಬೇರೆಯವರ ಮಕ್ಕಳ ಹೊಟ್ಟೆಗೆ ಹೋಗಲಿ ಅಂದಳು.

ಇದೇ ಪದ್ಧತಿ ಮುಂದೆ ಸಂತ ಅಂತೋಣಿಯವರ ರೊಟ್ಟಿ ಎಂದು ಹೆಸರಾಯಿತು. 1890ರಲ್ಲಿ ಫ್ರಾನ್ಸಿನ ತೂಲೋನ್ ಪಟ್ಟಣದಲ್ಲಿ ಲೂಯಿಸ್ ಬುಫಿಯೆ ಎಂಬಾಕೆಯ ಅಂಗಡಿಯ ಬೀಗ ಕೆಟ್ಟುಹೋಗಿ, ಬಡವರಿಗೆ ರೊಟ್ಟಿ ಕೊಡುವ ಹರಕೆ ಹೊತ್ತ ಮೇಲೆ ತೆರೆದುಕೊಂಡಿತಂತೆ. ಅದಾದ ಮೇಲೆ ದೇಶದೇಶಗಳ ಚರ್ಚುಗಳಲ್ಲಿ ಸಂತರ ಕಾಲಬಳಿ ಬಡವರ ಡಬ್ಬಿ ಬಂತು.

ನಮ್ಮ ಮೈಸೂರು ಜಿಲ್ಲೆಯಲ್ಲಿ ಸಂತರ ದೊಡ್ಡ ಕ್ಷೇತ್ರ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿ. ಹೊಲ ಉಳುತ್ತಿದ್ದ ರೈತನಿಗೆ ಮರದ ಸ್ವರೂಪ ಸಿಕ್ಕಿತು, ಅದು ಯಾವುದೋ ಗೊಂಬೆ ಅಂದುಕೊಂಡು ಆಡಲು ಮಕ್ಕಳಿಗೆ ಕೊಟ್ಟುಬಿಟ್ಟ, ಆಮೇಲೆ ಸಂತರು ಕನಸಿನಲ್ಲಿ ಬಂದು ಗುಡಿ ಕೇಳಿದರು ಎಂದು ಹಿರಿಯರು ಹೇಳುತ್ತಾರೆ. 2019ರಲ್ಲಿ ಆ ದೇವಾಲಯಕ್ಕೆ ಬಸಿಲಿಕಾ ಪದವಿ ಸಿಕ್ಕಿತು. ಜೂನ್ 13ರ ಹಬ್ಬಕ್ಕೆ ಜಾತಿಮತ ನೋಡದೆ ಜನ ಸೇರುತ್ತಾರೆ.

ಕಚೇರಿಯಲ್ಲಿ ಕೂತವನಾಗಿ ಒಂದು ಮಾತು. ಹರಕೆಯ ದುಡ್ಡನ್ನು ಅಪ್ಪ ಡಬ್ಬಿಗೆ ಹಾಕುತ್ತಾರೆ, ಮಗು ಬೇರೆ ಕಡೆ ನೋಡ್ತಾ ನಿಂತಿರುತ್ತದೆ. ಹಾಗೆ ಮಾಡಬೇಡಿ. ಒಂದು ವರ್ಷ ಹಬ್ಬದ ದಿನ ಕೊಪ್ಪದ ಕಡೆಯಿಂದ ಬಂದಿದ್ದ ಒಂದು ಸಂಸಾರ, ನಾಲ್ಕು ವರ್ಷದ ಹುಡುಗನ ಕೈಗೆ ಬನ್ನು ಕೊಟ್ಟು, ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಗೆ ಕೊಡಪ್ಪ ಅಂದರು. ಅವನು ಕೊಟ್ಟ, ತಕ್ಷಣ ಕಿತ್ತುಕೊಂಡ, ಒಂದು ಕಡಿ ಕಚ್ಚಿಕೊಂಡು ಮತ್ತೆ ಕೊಟ್ಟ. ಅವರಮ್ಮ ಬೈಯಲು ಹೋದರು. ಅಜ್ಜಿ ನಗುತ್ತಾ ಬನ್ನು ಮುರಿದು ಅರ್ಧ ಅವನ ಬಾಯಿಗೇ ಇಟ್ಟರು. ಇಬ್ಬರೂ ಅಲ್ಲೇ ಕೂತು ತಿಂದರು.

ಮಗುವಿನ ತೂಕದ ಹರಕೆ ಇರುವವರು ಅಕ್ಕಿ ಅಥವಾ ರಾಗಿ ತಂದು ಕಚೇರಿಗೆ ತಿಳಿಸಿ. ತಕ್ಕಡಿ ಹಿಂದಿನ ಕೋಣೆಯಲ್ಲಿದೆ. ಕೊನೆಯ ಒಂದು ಸೇರನ್ನು ಮಗುವಿನ ಕೈಯಿಂದಲೇ ಮೂಟೆಗೆ ಹಾಕಿಸಿ. ಚೆಲ್ಲಿದರೆ ಬಳಿದುಕೊಳ್ಳುತ್ತೇವೆ.